ಮೂವತ್ತನೆಯ ದಿನದ ಆಚೆ

ಮೊನ್ನೆ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ಮಗಳ ಮನೆಯ ಮುಂದೆ ತೋಟದ ಕೆಲಸದವರು ಲಾರಿಯಿಂದ ಮರದ ತೊಗಟೆಯ ಚೂರು ಸುರಿದು ಗಿಡಗಳ ಬುಡಕ್ಕೆ ಹರಡುತ್ತಿದ್ದರು. ಅವರು ಹೋದ ಮೇಲೆ ಸಣ್ಣಗೆ ಮಳೆ ಬಂತು. ಒದ್ದೆಯಾದ ತೊಗಟೆಯಿಂದ ಒಂದು ಹುಳಿ ವಾಸನೆ ಎದ್ದು ಮನೆಯೊಳಗೆ ತುಂಬಿತು. ನಾನು ಎದ್ದು ಕಿಟಕಿ ಮುಚ್ಚಿದೆ. ಒಲೆಯ ಮುಂದಿದ್ದ ಮಗಳು ಶೈಲಜಾ ತಿರುಗಿ ನನ್ನ ಮುಖ ನೋಡಿದಳು. ಅವಳಿಗೂ ಆ ವಾಸನೆ ಗೊತ್ತು. ಏಳು ವರ್ಷದ ಹಿಂದೆ ಈಸ್ಟ್‌ಗೇಟ್‌ನ ಬಾಡಿಗೆ ಮನೆಯ ಕಿಟಕಿಯ ಕೆಳಗೆ ಇದೇ ತೊಗಟೆ ಹಾಸಿದ್ದರು. ಆ ಚಳಿಗಾಲದ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ಮಾತಾಡಲಾಗದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ.

ನಾನು ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿದ್ದವನು. ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದೆ. ಅದರಲ್ಲಿ ಹನ್ನೆರಡು ವರ್ಷ ಕೂತಿದ್ದು ಪರಿಹಾರದ ವಿಭಾಗದಲ್ಲಿ. ಮನೆ ಬಿದ್ದವರು, ಸಿಡಿಲು ಬಡಿದವರು, ಗಲಭೆಯಲ್ಲಿ ಸತ್ತವರು, ಇವರೆಲ್ಲರ ಅರ್ಜಿ ನನ್ನ ಮೇಜಿನ ಮೇಲೆ ಹಾದುಹೋಗಿವೆ. ನಾನು ಲಂಚ ಮುಟ್ಟಿದವನಲ್ಲ. ಅದೊಂದು ಹೆಮ್ಮೆ ನನಗಿತ್ತು. ನಿಯಮದಲ್ಲಿದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಎನ್ನು. ಅಷ್ಟೇ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಅಳಿಯ ಪ್ರಸನ್ನನಿಗೆ ತಂದೆ ತಾಯಿ ಇರಲಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಬೆಳೆದು ಮೈಸೂರಿನಲ್ಲಿ ಓದಿದವನು. ಸಿಯಾಟಲ್‌ನ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಯ ಮೂಲಕ ಬೇರೆಯವರ ಆಫೀಸುಗಳಲ್ಲಿ ಕೆಲಸ ಮಾಡುತ್ತಿದ್ದ. ಆ ವರ್ಷದ ಜನವರಿಯಲ್ಲಿ ಗೆಳೆಯನ ಮದುವೆಗೆಂದು ಒಬ್ಬನೇ ಊರಿಗೆ ಬಂದ. ಮದುವೆ ಮುಗಿಸಿ ಮೈಸೂರಿಗೆ ನನ್ನ ಹತ್ತಿರ ಬರುವ ದಾರಿಯಲ್ಲಿ ಒಂದು ಊರಿನ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯಲು ಇಳಿದ. ಆ ಊರಿನ ಹೆಸರು ಬರೆಯಲು ನನಗೆ ಈಗಲೂ ಕೈ ಏಳುವುದಿಲ್ಲ. ಯಾರೋ ಬೆಂಚಿನ ಕೆಳಗೆ ಒಂದು ಚೀಲ ಇಟ್ಟುಹೋಗಿದ್ದರು. ಸ್ಫೋಟದಲ್ಲಿ ಬೆಂಚಿನ ಹತ್ತಿರ ಇದ್ದವರು ಅಲ್ಲೇ ಹೋದರು. ಪ್ರಸನ್ನ ಸ್ವಲ್ಪ ದೂರದಲ್ಲಿದ್ದ. ಅವನ ಹೊಟ್ಟೆಗೂ ಎದೆಗೂ ಕಬ್ಬಿಣದ ಚೂರುಗಳು ಹೊಕ್ಕವು.

ಶೈಲಜಾ ನಾಲ್ಕು ವರ್ಷದ ಮಗಳು ಇಂಚರಳನ್ನು ಎತ್ತಿಕೊಂಡು ಓಡಿಬಂದಳು. ಮಗುವನ್ನು ನನ್ನ ಬಳಿ ಬಿಟ್ಟು ಏಳು ವಾರ ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಕೂತಳು. ಅಲ್ಲೇ ಅವಳಿಗೆ ರತ್ನಮ್ಮನ ಪರಿಚಯವಾದದ್ದು. ರತ್ನಮ್ಮನ ಗಂಡ ಅದೇ ನಿಲ್ದಾಣದಲ್ಲಿ ಬಸ್ಸು ಹತ್ತಿ ಇಳಿದು ಕಡಲೆಕಾಯಿ ಮಾರುತ್ತಿದ್ದವನು. ಅವನು ಪಕ್ಕದ ಮಂಚದಲ್ಲಿದ್ದ. ಹೆಂಗಸರಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡು, ಒಂದೇ ಚಾಪೆಯ ಮೇಲೆ ಸರದಿಯಲ್ಲಿ ಮಲಗಿ ಆ ದಿನಗಳನ್ನು ಕಳೆದರು. ನಲವತ್ತೊಂದನೆಯ ದಿನ ರತ್ನಮ್ಮನ ಗಂಡ ಹೋದ. ಅದಾದ ಎಂಟು ದಿನಕ್ಕೆ, ಬಾಥೆಲ್‌ನ ಕನ್ನಡದವರು ಚಂದಾ ಎತ್ತಿ ಕೊಡಿಸಿದ ಟಿಕೆಟ್ಟಿನಲ್ಲಿ, ಶೈಲಜಾ ಪ್ರಸನ್ನನನ್ನೂ ಮಗುವನ್ನೂ ಸಿಯಾಟಲ್‌ಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ಇನ್ಶೂರೆನ್ಸ್ ಇದೆ, ಉಳಿಯುತ್ತಾನೆ ಎಂಬ ನಂಬಿಕೆ.

ನಾನು ಸೆಪ್ಟೆಂಬರಿನಲ್ಲಿ ಬಂದೆ. ಆರು ತಿಂಗಳು ಇರಬಹುದೆಂದು ಏರ್‌ಪೋರ್ಟಿನಲ್ಲಿ ಮುದ್ರೆ ಒತ್ತಿದ್ದರು. ಪ್ರಸನ್ನ ಬೇಸಗೆಯಲ್ಲಿ ಎದ್ದು ಓಡಾಡಿದ್ದನಂತೆ, ಮಗುವನ್ನು ಪಾರ್ಕಿಗೂ ಕರೆದುಕೊಂಡು ಹೋಗಿದ್ದನಂತೆ. ನಾನು ಬರುವ ಹೊತ್ತಿಗೆ ಮತ್ತೆ ಹಾಸಿಗೆ ಹಿಡಿದಿದ್ದ. ಒಳಗಿನ ಗಾಯದಲ್ಲಿ ಕೀವು, ಜ್ವರ, ಆಪರೇಷನ್ನು, ಮತ್ತೆ ಕೀವು. ಅಕ್ಟೋಬರಿನ ಎರಡನೇ ವಾರ, ಮಧ್ಯಾಹ್ನದ ಹೊತ್ತು, ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಕಡೆಯ ಆ ಆಸ್ಪತ್ರೆಯ ಆರನೇ ಮಹಡಿಯಲ್ಲಿ ಅವನು ಹೋದ. ಅವನ ಕೈ ನನ್ನ ಕೈಯಲ್ಲಿತ್ತು. ಶೈಲಜಾ ಮಗುವನ್ನು ಶಾಲೆಯಿಂದ ಕರೆತರಲು ಹೋಗಿದ್ದಳು.

ದಹನವಾದ ಮೂರನೇ ದಿನಕ್ಕೆ ಪ್ರಸನ್ನನ ಗೆಳೆಯ ಹರೀಶ ಬಂದು ಊಟದ ಮೇಜಿನ ಮುಂದೆ ಕೂತ. ಬಾಥೆಲ್‌ನಲ್ಲಿದ್ದ ಅವನೇ ಆಸ್ಪತ್ರೆಯ ಓಡಾಟಕ್ಕೆಲ್ಲ ಕಾರು ಓಡಿಸಿದವನು.

"ಅಂಕಲ್, ಈಗ ಇದು ಮಾತಾಡೋ ಟೈಮಲ್ಲ, ಗೊತ್ತು. ಆದ್ರೆ ಮಾತಾಡ್ಲೇಬೇಕು. ಶೈಲಾದು ಡಿಪೆಂಡೆಂಟ್ ವೀಸಾ. ಪ್ರಸನ್ನ ಇಲ್ಲ ಅಂದ್ಮೇಲೆ ಅದೂ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲಿರೋಕೆ ರೈಟ್ಸ್ ಇಲ್ಲ. ಲಾಯರ್ ಹತ್ರ ಕೇಳಿದೀನಿ. ಸದ್ಯಕ್ಕೆ ವಿಸಿಟರ್ ಅಂತ ಅಪ್ಲೈ ಮಾಡ್ಬೋದು. ಮಾರ್ಚ್‌ವರೆಗೂ ತಳ್ಬೋದು. ಅಷ್ಟರಲ್ಲಿ ಯಾವ್ದಾದ್ರೂ ಕಾಲೇಜಲ್ಲಿ ಸೀಟ್ ಸಿಕ್ಕಿದ್ರೆ ಸ್ಟೂಡೆಂಟ್ ಆಗ್ಬೋದು. ಬಟ್, ಒಂದು ವರ್ಷದ ಫೀಸು, ಖರ್ಚು ಎಲ್ಲಾ ಬ್ಯಾಂಕಲ್ಲಿ ತೋರಿಸ್ಬೇಕು."

ಬ್ಯಾಂಕಿನಲ್ಲಿ ಏನೂ ಇರಲಿಲ್ಲ. ಊರಿನ ಆಸ್ಪತ್ರೆಗೆ ಕೈಯಿಂದ ಕಟ್ಟಿದ್ದು, ಇಲ್ಲಿ ಇನ್ಶೂರೆನ್ಸಿನವರು ಕೊಡದೆ ಉಳಿಸಿದ್ದು, ಕೆಲಸಕ್ಕೆ ಹೋಗದ ತಿಂಗಳುಗಳ ಬಾಡಿಗೆ, ಎಲ್ಲ ಸೇರಿ ಅವರ ಉಳಿತಾಯ ತೊಳೆದುಹೋಗಿತ್ತು. ನನ್ನ ನಿವೃತ್ತಿಯ ಹಣ ಹೆಂಡತಿಯ ಕಾಯಿಲೆಗೆ ಮುಂಚೆಯೇ ಹೋಗಿತ್ತು.

"ಮೈಸೂರಿಗೆ ಬಂದ್ಬಿಡು ಮಗಳೇ" ಎಂದೆ.

"ಬಂದು? ನಿನ್ನ ಪಿಂಚಣೀಲಿ ನಾವಿಬ್ರೂ ಕೂತ್ಕೊಳ್ಳೋದಾ?" ಶೈಲಜಾ ಮೈಕ್ರೋಬಯಾಲಜಿ ಎಂಎಸ್‌ಸಿ ಓದಿ ಆರು ವರ್ಷ ಮನೆಯಲ್ಲಿ ಕೂತವಳು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. "ಮಗು ಇಲ್ಲಿ ಹುಟ್ಟಿದ್ದು, ಅವಳಿಗೆ ಇರೋ ಹಕ್ಕು ನಂಗಿಲ್ಲ. ಲ್ಯಾಬ್ ಕೋರ್ಸ್ ಮಾಡಿದ್ರೆ ನಂಗೂ ಕೆಲ್ಸ ಸಿಗತ್ತಪ್ಪ. ಇಲ್ಲೊಂದು ಕಾಲೇಜಿದೆ. ಇವ್ರೇ ಹುಡುಕಿಟ್ಟಿದ್ರು, ಬೇಸಗೇಲಿ."

ಸಿಯಾಟಲ್‌ನಲ್ಲಿ ನವೆಂಬರ್ ಎಂದರೆ ನಾಲ್ಕೂವರೆಗೆ ಕತ್ತಲು. ಮಳೆ ನಮ್ಮ ಕಡೆಯ ಹಾಗೆ ಸುರಿದು ನಿಲ್ಲುವುದಿಲ್ಲ. ದಿನವಿಡೀ ಮೇಲಿನಿಂದ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವ ಹಾಗೆ ಜಿನುಗುತ್ತದೆ. ಮನೆಯ ಹಿಂದೆ ಹೆದ್ದಾರಿ, ಅದರ ಮೊರೆತ ಒಂದು ಕ್ಷಣವೂ ನಿಲ್ಲದು. ಮಗು ಶಾಲೆಗೆ ಹೋದ ಮೇಲೆ ಶೈಲಜಾ ಪ್ರಸನ್ನನ ಅಂಗಿಗಳನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ನಾನು ಸೋಫಾದ ಮೇಲೆ ಕೂತು ಅವಳನ್ನು ನೋಡುವುದು. ಏನಾದರೂ ಮಾಡದಿದ್ದರೆ ಇಬ್ಬರಿಗೂ ಹುಚ್ಚು ಹಿಡಿಯುತ್ತದೆ ಎನ್ನಿಸಿತು. ಆಗ ನನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈ ಹಾಕಿದೆ. ಅರ್ಜಿ ಬರೆಯಲು ಕೂತೆ.

ಸ್ಫೋಟವಾದ ಮರುದಿನವೇ ಸರ್ಕಾರ ಪರಿಹಾರ ಘೋಷಿಸಿತ್ತು. ಸತ್ತವರ ಕುಟುಂಬಕ್ಕೆ ಒಂದು ಮೊತ್ತ, ತೀವ್ರವಾಗಿ ಗಾಯಗೊಂಡವರಿಗೆ ಅದರ ಹತ್ತರಲ್ಲೊಂದು ಪಾಲು. ಗಾಯಾಳುಗಳ ಚೆಕ್ಕನ್ನು ಮಂತ್ರಿಗಳು ಆಸ್ಪತ್ರೆಗೇ ಬಂದು, ಫೋಟೊ ತೆಗೆಸಿಕೊಂಡು, ದಿಂಬಿನ ಪಕ್ಕ ಇಟ್ಟು ಹೋಗಿದ್ದರು. ಈಗ ಪ್ರಸನ್ನ ಗಾಯಾಳುವಲ್ಲ. ಉಳಿದ ಒಂಬತ್ತು ಪಾಲು ಶೈಲಜಾಳಿಗೆ ಬರಬೇಕು. ಬಂದರೆ ಕಾಲೇಜಿನ ಒಂದು ವರ್ಷಕ್ಕೆ ಸಾಲುತ್ತದೆ.

"ನಂಗೆ ಬೇಡಪ್ಪ ಅವ್ರ ದುಡ್ಡು" ಎಂದಳು ಶೈಲಜಾ. "ಇವ್ರ ಜೀವಕ್ಕೆ ಬೆಲೆ ಕಟ್ಟಿಸ್ಕೊಂಡು ನಾನು ಫೀಸ್ ಕಟ್ಲಾ?"

ನಾನು ಲ್ಯಾಪ್‌ಟಾಪಿನಲ್ಲಿ ಸ್ಫೋಟವಾದ ಜಿಲ್ಲೆಯ ಪರಿಹಾರದ ಪಟ್ಟಿ ತೆಗೆದು ತೋರಿಸಿದೆ. ಎರಡು ಕೋಷ್ಟಕ. ಮೊದಲನೆಯದರ ಮೇಲೆ 'ಮೃತರು' ಎಂದಿತ್ತು. ಎರಡನೆಯದರ ಮೇಲೆ 'ಗಾಯಾಳುಗಳು' ಎಂದಿತ್ತು, ಅದರಲ್ಲಿ ಹದಿನಾರನೆಯ ಹೆಸರು ಪ್ರಸನ್ನನದು. ಅವಳು ಪರದೆಯ ಮೇಲೆ ಆ ಹೆಸರನ್ನು ಬೆರಳಿನಿಂದ ಮುಟ್ಟಿದಳು.

"ಇನ್ನೂ ಗಾಯಾಳು ಅಂತಾನೇ ಬರ್ದಿದಾರಲ್ಲಪ್ಪ."

"ಅದಕ್ಕೇ ಅರ್ಜಿ ಹಾಕ್ಬೇಕು."

"ಹಾಕು" ಎಂದಳು.

ಮೊದಲ ತೊಡಕು ಸಾವಿನ ಪ್ರಮಾಣಪತ್ರದಲ್ಲೇ ಇತ್ತು. ಇಲ್ಲಿಯವರು ಕೊಟ್ಟ ಕಾಗದದಲ್ಲಿ ಸಾವಿನ ಕಾರಣದ ಎದುರು ರಕ್ತದ ಸೋಂಕು ಎಂದಷ್ಟೇ ಇತ್ತು. ಬಾಂಬಿನ ಮಾತು ಎಲ್ಲೂ ಇರಲಿಲ್ಲ. ನಮ್ಮ ಕಡೆಯ ಯಾವ ಗುಮಾಸ್ತನೂ ಇದನ್ನು ನೋಡಿ, ಜ್ವರ ಬಂದು ಸತ್ತವನಿಗೆ ನಮ್ಮಲ್ಲಿ ಪರಿಹಾರ ಇಲ್ಲ ಎಂದು ಬರೆಯುತ್ತಾನೆ. ನಾನೇ ಆಗಿದ್ದರೆ ಹಾಗೇ ಬರೆಯುತ್ತಿದ್ದೆ. ಆದ್ದರಿಂದ ಶೈಲಜಾಳೂ ನಾನೂ ಬಸ್ಸು ಹತ್ತಿ, ಸರೋವರದ ಮೇಲಿನ ಸೇತುವೆ ದಾಟಿ, ಮತ್ತೆ ಆ ಆಸ್ಪತ್ರೆಗೆ ಹೋದೆವು. ಅದೇ ಲಿಫ್ಟು, ಅದೇ ಆರನೇ ಮಹಡಿ. ಪ್ರಸನ್ನನನ್ನು ನೋಡಿಕೊಂಡಿದ್ದ ಡಾಕ್ಟರು ಎತ್ತರದ, ನರೆತ ಕೂದಲಿನ ಹೆಂಗಸು. ನಮ್ಮನ್ನು ಕಂಡು ಕುರ್ಚಿ ಎಳೆದು ಹತ್ತಿರವೇ ಕೂತರು. ಶೈಲಜಾ ಹೇಳಿದ್ದೆಲ್ಲ ಕೇಳಿ, ನನ್ನ ಕಡೆ ತಿರುಗಿ ಏನೋ ಹೇಳಿದರು. ಅವರ ಇಂಗ್ಲಿಷು ನನಗೆ ಸರಿಯಾಗಿ ಹಿಡಿಯಲಿಲ್ಲ.

"ಅಪ್ಪ, ಆ ದಿನದ ಗಾಯಾನೇ ಇವ್ರನ್ನ ತೊಗೊಂಡಿದ್ದು ಅಂತಿದಾರೆ. ಮಿಕ್ಕಿದ್ದೆಲ್ಲ ಅದರಿಂದಾನೇ ಬಂದಿದ್ದು. ಅದರಲ್ಲಿ ಡೌಟೇ ಇಲ್ಲ ಅಂತ."

ಒಂದು ಪುಟದ ಪತ್ರ ಬರೆದು, ಸಹಿ ಮಾಡಿ, ಮುದ್ರೆ ಒತ್ತಿ ಅಲ್ಲೇ ಕೊಟ್ಟರು. ಅರ್ಧ ಗಂಟೆ ಕೂಡ ಆಗಲಿಲ್ಲ. ನಾನು ಎದ್ದು ಕೈ ಮುಗಿದೆ. ನನ್ನ ಮೂವತ್ತಮೂರು ವರ್ಷದಲ್ಲಿ ನಾನು ಯಾರಿಗಾದರೂ ಅರ್ಧ ಗಂಟೆಯಲ್ಲಿ ಒಂದು ಕಾಗದ ಕೊಟ್ಟಿದ್ದೆನೇ ಎಂದು ವಾಪಸ್ಸು ಬರುವಾಗ ಯೋಚಿಸಿದೆ. ನೆನಪಾಗಲಿಲ್ಲ.

ಅರ್ಜಿ, ಡಾಕ್ಟರ ಪತ್ರ, ಆಸ್ಪತ್ರೆಯ ದಾಖಲೆ, ಮದುವೆಯ ಸರ್ಟಿಫಿಕೇಟು, ಎಲ್ಲವನ್ನೂ ಲೈಬ್ರರಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಮೂಲ ಪ್ರತಿಗಳನ್ನು ಹರೀಶನ ಕೈಯಲ್ಲಿ ಕೊರಿಯರ್ ಮಾಡಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ಬೇಗ ಬರುವ ಉತ್ತರ ಯಾವುದೆಂದು ನನಗೆ ಗೊತ್ತು. 'ಸದರಿಯವರು ಘಟನೆ ನಡೆದ ಮೂವತ್ತು ದಿನಗಳ ಅವಧಿಯ ನಂತರ ಮೃತಪಟ್ಟಿರುವುದರಿಂದ, ಪ್ರಸ್ತಾವನೆಯನ್ನು ನಿಯಮಾನುಸಾರ ಪರಿಗಣಿಸಲು ಅವಕಾಶವಿರುವುದಿಲ್ಲ.'

ಶೈಲಜಾ ಅದನ್ನು ಗಟ್ಟಿಯಾಗಿ ಓದಿದಳು. "ಮೂವತ್ತು ದಿನ ಯಾಕೆ? ಮೂವತ್ತೊಂದನೇ ದಿನ ಸತ್ರೆ ಬಾಂಬಿಂದ ಸತ್ತಂಗಲ್ವಾ?"

"ಎಲ್ಲಾದ್ರೂ ಒಂದು ಗೆರೆ ಎಳೀಬೇಕಲ್ಲಮ್ಮ." ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದ ಮಾತು.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಆಗ ನಾನು ಅವಳಿಗೆ ಯಾವತ್ತೂ ಹೇಳದಿದ್ದ ಒಂದು ವಿಷಯ ಹೇಳಿದೆ. ನಾನು ಪರಿಹಾರ ವಿಭಾಗದಲ್ಲಿದ್ದಾಗ ಒಂದು ಬಸ್ಸಿಗೆ ಯಾರೋ ಬೆಂಕಿ ಹಚ್ಚಿದ್ದರು. ಸುಟ್ಟ ಗಾಯಗಳಿಂದ ಎರಡು ತಿಂಗಳು ನರಳಿ ಒಬ್ಬ ಹುಡುಗ ಸತ್ತ. ಅವನ ತಾತ ಪ್ರತಿ ಸೋಮವಾರ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಆ ಕಡತದಲ್ಲಿ ಇದೇ ವಾಕ್ಯ ಬರೆದವನು ನಾನು. ಪದಗಳೂ ಹೆಚ್ಚು ಕಡಿಮೆ ಇವೇ.

ಶೈಲಜಾ ಲ್ಯಾಪ್‌ಟಾಪು ಮುಚ್ಚಿದಳು. ಆಮೇಲೆ ಕೇಳಿದಳು: "ಆ ತಾತ ಏನಾದ್ರು?"

"ಗೊತ್ತಿಲ್ಲ. ಒಂದು ಸೋಮವಾರ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ."

"ನೀನು ವಿಚಾರಿಸ್ಲಿಲ್ವಾ?"

ವಿಚಾರಿಸಿರಲಿಲ್ಲ. ಕಡತ ಮುಕ್ತಾಯವಾಗಿತ್ತು.

ಭಾನುವಾರದ ಬೆಳಗ್ಗೆ, ಅಲ್ಲಿ ಸಂಜೆ ದೀಪ ಹಚ್ಚಿದ ಮೇಲೆ, ರತ್ನಮ್ಮ ಫೋನು ಮಾಡುತ್ತಿದ್ದಳು. ಪಕ್ಕದ ಮನೆಯವರ ಫೋನಿನಿಂದ ಒಂದು ಮಿಸ್ಡ್ ಕಾಲ್ ಬರುತ್ತಿತ್ತು, ನಾವು ತಿರುಗಿ ಮಾಡುತ್ತಿದ್ದೆವು. ಆ ಭಾನುವಾರ ಶೈಲಜಾ ನಿಯಮದ ಮಾತು ಹೇಳಿದಾಗ ರತ್ನಮ್ಮ ತನಗೂ ಅಂಥದೇ ಕಾಗದ ಬಂದು ಆರು ತಿಂಗಳಾಯಿತು ಎಂದಳು. ಓದಲು ಬಾರದ್ದರಿಂದ ದೇವರ ಪಟದ ಹಿಂದೆ ಇಟ್ಟಿದ್ದಳಂತೆ. ಯಾರೋ ಅದನ್ನು ನೋಡಿ, ದುಡ್ಡು ಬರುತ್ತದೆ ಕಾಯಿ ಎಂದಿದ್ದರಂತೆ.

ನಾನು ಫೋನು ತೆಗೆದುಕೊಂಡೆ. "ನಿಮ್ಮ ಹಾಗೆ ತಡವಾಗಿ ಹೋದೋರು ಇನ್ಯಾರಾದ್ರೂ ಇದಾರಾ ರತ್ನಮ್ಮ?"

"ಅವ್ರೆ ಸ್ವಾಮಿ. ಇನ್ನೂ ಮೂರು ಮನೆಯೋರು ಅವ್ರೆ. ಕಚೇರಿ ತಾವ ಸಿಕ್ತಾರೆ, ಅತ್ಕಂಡು ಹೊಯ್ತಾರೆ."

ಐದು ಕುಟುಂಬ. ನನ್ನೊಳಗಿನ ಹಳೆಯ ಗುಮಾಸ್ತ ಎದ್ದು ಕೂತ. ಒಬ್ಬರ ಅರ್ಜಿಯನ್ನು ನಿಯಮ ತೋರಿಸಿ ತಳ್ಳಬಹುದು, ಐವರು ಸೇರಿ ನಿಯಮವೇ ತಪ್ಪು ಎಂದರೆ ಅದನ್ನು ಮೇಲೆ ಕಳಿಸಲೇಬೇಕು. ಆ ವಾರವೆಲ್ಲ ಕೂತು ಜಂಟಿ ಮನವಿ ಬರೆದೆ. ಗಾಯವೇ ಸಾವಿಗೆ ಕಾರಣವೆಂದು ವೈದ್ಯರು ಹೇಳಿದರೆ ದಿನಗಳ ಲೆಕ್ಕ ಕೂಡದು ಎಂಬುದಷ್ಟೇ ಅದರ ಸಾರ. ಶೈಲಜಾ ಪಕ್ಕದಲ್ಲಿ ಕೂತು ಟೈಪ್ ಮಾಡಿದಳು. ಆ ಏಳು ದಿನ ಅವಳು ಅಂಗಿ ಮಡಿಸಲಿಲ್ಲ. ಒಮ್ಮೆ ನನ್ನ ಒಕ್ಕಣೆ ಕಂಡು ನಕ್ಕಳು ಕೂಡ: "'ಸದರಿ' ಅಂತ ಒಂದು ಪುಟದಲ್ಲಿ ಹನ್ನೊಂದು ಸಲ ಬರ್ದಿದೀಯ." ನಾಲ್ಕು ಮನೆಯವರ ಸಹಿ, ಹೆಬ್ಬೆಟ್ಟು ಹಾಕಿಸಿ ಕಚೇರಿಗೆ ಕೊಟ್ಟವಳು ರತ್ನಮ್ಮ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯ ಫೋಟೊ ಬಂದ ದಿನ ಶೈಲಜಾ ಪಾಯಸ ಮಾಡಿದಳು.

ಡಿಸೆಂಬರ್ ಮಧ್ಯದಲ್ಲಿ ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೆಬ್ರವರಿ ಮುಗಿಯುವುದರೊಳಗೆ ಹಣ ತೋರಿಸಬೇಕು. ನಾನು ರಾತ್ರಿ ಊಟದ ನಂತರ, ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ, ದಿನವೂ ಫೋನು ಹಚ್ಚತೊಡಗಿದೆ. ಕೊನೆಗೆ ಆ ವಿಷಯ ನೋಡಿಕೊಳ್ಳುವ ಗುಮಾಸ್ತ ಸಿಕ್ಕ. ನಾಗರಾಜು ಎಂದು ಹೆಸರು. ನಾನೂ ಕಂದಾಯ ಇಲಾಖೆಯವನೆಂದು ತಿಳಿದ ಮೇಲೆ ದನಿ ಮೆತ್ತಗಾಯಿತು.

"ಸಾರ್, ನಿಮಗೆ ಗೊತ್ತಿಲ್ದೆ ಇರೋದೇನಿದೆ? ಜಂಟಿ ಮನವಿ ಅಂದ್ರೆ ನಿಯಮ ತಿದ್ದುಪಡಿ. ಸಚಿವಾಲಯಕ್ಕೆ ಹೋಗತ್ತೆ, ಹಣಕಾಸು ಇಲಾಖೆ, ಕಾನೂನು ಇಲಾಖೆ... ಎರಡು ವರ್ಷ, ಮೂರು ವರ್ಷ. ಆಗತ್ತೋ ಇಲ್ವೋ."

"ನನ್ನ ಮಗಳಿಗೆ ಅಷ್ಟು ಟೈಮಿಲ್ಲಪ್ಪ."

"ಅದಕ್ಕೇ ಹೇಳ್ತಿದೀನಿ. ನಿಮ್ಮದನ್ನ ಬೇರೆ ಮಾಡಿ. ವಿಶೇಷ ಪ್ರಕರಣ ಅಂತ ಇಡ್ತೀನಿ. ಅಮೆರಿಕದಲ್ಲಿ ತೀರ್ಕೊಂಡಿರೋದು, ಅಲ್ಲಿನ ದೊಡ್ಡ ಡಾಕ್ಟರ್ ಲೆಟರ್ ಬೇರೆ ಇದೆ. ಪೇಪರಿನೋರು ಹಿಡ್ಕೊಂಡ್ರೆ ಕಷ್ಟ ಅಂತ ಮೇಲಿನೋರು ಸೈನ್ ಹಾಕ್ತಾರೆ. ನಿಮ್ಮ ಪರಿಚಯದ ಯಾರಾದ್ರೂ ದೊಡ್ಡವರಿಂದ ಒಂದು ಮಾತು ಹೇಳ್ಸಿ. ಆದ್ರೆ ಆ ಮನವಿಯಿಂದ ಮಗಳು ಹೆಸರು ವಾಪಸ್ ತೊಗೋಬೇಕು. ಎರಡೂ ಕಡೆ ಇರಂಗಿಲ್ಲ."

"ಉಳಿದೋರು?"

"ಡಾಕ್ಟರ್ ಲೆಟರ್ ಇರೋದು ನಿಮ್ಮೊಬ್ಬರದೇ ಸಾರ್. ಅದನ್ನ ತೆಗೆದ್ರೆ ಆ ಮನವೀಲಿ ಏನೂ ಉಳಿಯಲ್ಲ. ಸುಳ್ಳು ಹೇಳಲ್ಲ ನಿಮ್ಮ ಹತ್ರ."

ಇಷ್ಟು ಸ್ಪಷ್ಟವಾಗಿ ಹೇಳಿದ. ಹಾಗಾಗಿ ನನಗೆ ತಿಳಿದಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ಹತ್ತು ದಿನ ಒದ್ದಾಡಿದೆ. ಮಳೆಯಲ್ಲಿ ಹೆದ್ದಾರಿಯ ಪಕ್ಕದ ಕಾಲುದಾರಿಯಲ್ಲಿ ಗಂಟೆಗಟ್ಟಲೆ ನಡೆದೆ. ಕೋಟಿನ ಒಳಗಿನ ಅಂಗಿಯೂ ಒದ್ದೆಯಾಗುತ್ತಿತ್ತು. ಶೈಲಜಾಳನ್ನು ಕೇಳಿದರೆ ಒಲ್ಲೆ ಎನ್ನುತ್ತಾಳೆಂದು ಗೊತ್ತಿತ್ತು. ಒಂದು ಸಂಜೆ ಇಂಚರ ತನ್ನ ಬಟ್ಟೆಗಳನ್ನೆಲ್ಲ ಶಾಲೆಯ ಚೀಲಕ್ಕೆ ತುರುಕುತ್ತಿದ್ದಳು. ಏನು ಮಾಡ್ತಿದೀಯ ಪುಟ್ಟಿ ಎಂದೆ. "ಪ್ಯಾಕಿಂಗ್. ಅಮ್ಮ ಹ್ಯಾಸ್ ಟು ಗೋ, ಸೋ ಐ ಹ್ಯಾವ್ ಟು ಗೋ" ಎಂದಳು. ಅವಳಿಗೆ ಯಾರು ಹೇಳಿದರೋ. ಮಾರನೆಯ ದಿನ ನಾನು ವಾಪಸಾತಿಯ ಪತ್ರ ಬರೆದೆ.

ಮಗಳ ಸಹಿ ಬೇಕಿತ್ತು. ಆ ದಿನ ಹರೀಶ ಲಾಯರಿಂದ ತಂದ ವೀಸಾದ ಕಾಗದಗಳ ಕಟ್ಟು ಮೇಜಿನ ಮೇಲಿತ್ತು. ನನ್ನದನ್ನು ಅದರ ನಡುವೆ ಸೇರಿಸಿ, ಒಂದೊಂದೇ ಹಾಳೆಯ ಕೆಳತುದಿಯನ್ನು ಸರಿಸುತ್ತ ಹೋದೆ. ಅವಸರದಲ್ಲಿರುವ ಅಧಿಕಾರಿಗಳಿಂದ ಹೀಗೆ ಸಹಿ ತೆಗೆದುಕೊಳ್ಳುವುದು ನನಗೆ ಚೆನ್ನಾಗಿ ಬರುತ್ತಿತ್ತು. "ಇನ್ನೆಷ್ಟಿದೆಯಪ್ಪ?" ಎಂದಳು. "ಇನ್ನು ನಾಲ್ಕು" ಎಂದೆ. ಅವಳು ಓದದೆ ಹಾಕಿದಳು. ತಂದೆ ತೋರಿಸಿದ ಜಾಗದಲ್ಲಿ ಯಾರು ಓದುತ್ತಾರೆ?

ನಾನು ಹಿಂದೆ ಯಾರ ಕೈಕೆಳಗೆ ಕೆಲಸ ಮಾಡಿದ್ದೆನೋ ಆ ಅಧಿಕಾರಿಗೆ ಫೋನು ಮಾಡಿ ಒಂದು ಮಾತು ಹೇಳಿಸಿದೆ. ಸೇವೆಯಲ್ಲಿದ್ದಷ್ಟು ಕಾಲ ಶಿಫಾರಸು ತಂದವರನ್ನು ಕಂಡರೆ ನನಗಾಗುತ್ತಿರಲಿಲ್ಲ.

ಫೆಬ್ರವರಿಯ ಎರಡನೇ ವಾರ ಹಣ ಬಂತು. ಕಿಟಕಿಯ ಕೆಳಗೆ ತೊಗಟೆ ಹಾಸುತ್ತಿದ್ದ ದಿನವದು. ಶೈಲಜಾ ಬ್ಯಾಂಕಿನ ಸಂದೇಶ ನೋಡಿ ಕುಸಿದು ಕೂತು ಅತ್ತಳು. "ನಮ್ಮೆಲ್ಲರದೂ ಆಯ್ತಾ ಅಪ್ಪ? ರತ್ನಮ್ಮಂದೂ ಬಂದಿರತ್ತಾ?" ನಾನು ಎದ್ದು ಅವಳಿಗೆ ನೀರು ತಂದೆ. ಅರ್ಧ ಗಂಟೆಯ ಮೇಲೆ ಆದೇಶದ ಪ್ರತಿಯೂ ಅವಳ ಇ-ಮೇಲಿಗೆ ಬಂತು. ಎರಡೇ ಪುಟ. ಅವಳು ಕೊನೆಯ ಸಾಲಿನವರೆಗೂ ಓದಿದಳು. 'ಇದನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿದ್ದು, ಇತರ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಉಲ್ಲೇಖಿಸತಕ್ಕದ್ದಲ್ಲ.' ಮೇಲೆ ಉಲ್ಲೇಖಗಳ ಪಟ್ಟಿಯಲ್ಲಿ 'ಅರ್ಜಿದಾರರ ವಾಪಸಾತಿ ಪತ್ರ' ಎಂದೂ ಇತ್ತು.

"ನಾನ್ಯಾವಾಗ ವಾಪಸ್ ತೊಗೊಂಡೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಲ್ಯಾಪ್‌ಟಾಪು ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಮುಖ ತೊಳೆದುಕೊಂಡು ಬಂದಳು.

"ಆ ಚಾಪೇಲಿ ಅವ್ಳು ನನ್ನ ಮಲಗ್ಸಿ ತಾನು ಕೂತಿರ್ತಿದ್ಲಪ್ಪ. ಇಬ್ರೂ ಗಂಡಸರನ್ನ ಅವ್ಳೊಬ್ಳೇ ನೋಡ್ಕೋತಿದ್ಲು. ಇವ್ರಿಗೆ ಬೆಡ್‌ಪ್ಯಾನ್ ಇಟ್ಟಿದಾಳೆ." ಮುಖ ಒರೆಸಿಕೊಂಡು, "ನೀನು ಕೇಳಿದ್ರೆ ನಾನು ಬೇಡ ಅಂತಿದ್ದೆ. ನಿಜ. ಆದ್ರೆ ನೀನು ಕೇಳ್ಲಿಲ್ಲ. ಈಗ ನಾನು ಈ ದುಡ್ಡನ್ನ ವಾಪಸ್ ಕಳ್ಸಲ್ಲ. ಅದೂ ನಿಜ. ನಂಗೆ ನಿನ್ಮೇಲಿಂದ ಹೆಚ್ಚು ನನ್ಮೇಲೇ ಅಸಹ್ಯ ಆಗ್ತಿದೆ" ಎಂದಳು.

ನಾನು ಮಾರ್ಚಿನಲ್ಲಿ ಹೊರಡುವವರೆಗೂ ಅವಳು ನನಗೆ ಊಟ ಬಡಿಸಿದಳು, ಬಟ್ಟೆ ಒಗೆದಳು. ಮಾತು ಮಾತ್ರ ಬೇಕಾದಷ್ಟೇ.

ಮುಂದಿನದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಶೈಲಜಾ ಕೋರ್ಸು ಮುಗಿಸಿದಳು. ಬಾಥೆಲ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಅವಳ ಹೆಸರಿನಲ್ಲೇ ವೀಸಾ ಆಯಿತು. ಮೊದಲ ಸಂಬಳದಿಂದ ಈವರೆಗೆ ತಿಂಗಳು ತಪ್ಪದೆ ರತ್ನಮ್ಮನಿಗೆ ಕಳಿಸುತ್ತಾಳೆ. ರತ್ನಮ್ಮ ಬೇಡ ಎನ್ನಲಿಲ್ಲ. ಬೇಡ ಎನ್ನುವ ಸ್ಥಿತಿ ಅವಳದಾಗಿರಲಿಲ್ಲ. ನಾನು ಊರಿಗೆ ಮರಳಿ ಆ ನಾಲ್ಕು ಮನೆಯವರನ್ನು ಕೂಡಿಸಿ ಹೊಸ ಮನವಿ ಬರೆದುಕೊಟ್ಟೆ. ಅಲ್ಲಿನ ಆಸ್ಪತ್ರೆಯ ಡಾಕ್ಟರುಗಳ ಬಾಗಿಲು ಕಾದು, ಗಾಯದಿಂದಲೇ ಸತ್ತದ್ದೆಂದು ಬರೆಸಲು ನೋಡಿದೆ. ಒಬ್ಬರಿಗೆ ಬರೆದುಕೊಟ್ಟರು, ಉಳಿದ ಮೂವರ ದಾಖಲೆಯೇ ಸಿಗಲಿಲ್ಲ. ಪ್ರತಿ ಎರಡು ತಿಂಗಳಿಗೆ ಆ ಊರಿಗೆ ಬಸ್ಸು ಹತ್ತಿದ್ದೇನೆ, ಆ ನಿಲ್ದಾಣದಲ್ಲೇ ಇಳಿದಿದ್ದೇನೆ. ನಮ್ಮ ಆದೇಶವನ್ನು ತೋರಿಸಿದರೆ ಕೊನೆಯ ಸಾಲಿನ ಮೇಲೆ ಬೆರಳಿಡುತ್ತಾರೆ. ನಾಗರಾಜು ವರ್ಗವಾಗಿ ಹೋದ. ಕಡತ ಸಚಿವಾಲಯದಲ್ಲಿದೆ ಎನ್ನುತ್ತಾರೆ. ನಾಲ್ವರಲ್ಲಿ ಒಬ್ಬಾಕೆ ಕಳೆದ ವರ್ಷ ತೀರಿಕೊಂಡರು. ಪಟ್ಟಿಯಲ್ಲಿ ಅವರ ಗಂಡ ಇನ್ನೂ ಗಾಯಾಳು.

ಆದರೆ ಆ ಚಳಿಗಾಲದ ಒಂದು ಮಾತು ಬಾಕಿಯಿದೆ. ನಾನು ಹೊರಡುವ ಮುಂಚಿನ ಭಾನುವಾರ ಬೆಳಗ್ಗೆ ಮಿಸ್ಡ್ ಕಾಲ್ ಬಂತು. ಶೈಲಜಾ ಫೋನನ್ನು ನನ್ನ ಮುಂದೆ ಇಟ್ಟು, "ನೀನೇ ಮಾತಾಡು" ಎಂದು ಎದುರಿಗೆ ಕೂತಳು. ನಾನು ತಿರುಗಿ ಮಾಡಿದೆ.

"ಸ್ವಾಮಿ, ಶೈಲವ್ವಂದು ಆಯ್ತಂತಲ್ಲ! ಕಚೇರೀಲಿ ಅಂದ್ರು. ಬೋ ಸಂತೋಷ ಆಯ್ತು. ಪಾಪ, ಆ ದೂರದಲ್ಲಿ ಕೂಸು ಕಟ್ಕಂಡು ಏನ್ಮಾಡಾಳು ಅಂತಿದ್ದೆ. ಇನ್ನು ನಮ್ದೂ ಆಯ್ತದೆ ಅಲ್ವಾ?"

ನಾನು ತಪ್ಪಿಸಿಕೊಳ್ಳಲಿಲ್ಲ. ಜಂಟಿ ಮನವಿಯಿಂದ ನಮ್ಮ ಹೆಸರು ತೆಗೆದವನು ನಾನೇ ಎಂದೆ. ಡಾಕ್ಟರ ಪತ್ರ ಹೋದ ಮೇಲೆ ಅವರ ಮನವಿಗೆ ಬಲವಿಲ್ಲವೆಂದು ಗೊತ್ತಿದ್ದೇ ತೆಗೆದೆ ಎಂದೆ. ಶೈಲಜಾಳಿಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಆ ಕಡೆ ಯಾರದೋ ಮನೆಯ ಟಿವಿ ಕೇಳುತ್ತಿತ್ತು.

"ಅಂದ್ರೆ ನಮ್ದು ಆಗಾಕಿಲ್ವಾ?"

"ಕಷ್ಟ ರತ್ನಮ್ಮ. ನಾನು ಊರಿಗೆ ಬಂದು ಮತ್ತೆ ಬರ್ಕೊಡ್ತೀನಿ. ಆದ್ರೆ ಕಷ್ಟ. ಮೂವತ್ತು ದಿನ ಅಂತ ನಿಯಮ ಇದೆ. ನಿಮ್ಮೋರು ಹೋಗಿದ್ದು ನಲವತ್ತೊಂದಕ್ಕೆ."

"ಹನ್ನೊಂದು ದಿನ ಜಾಸ್ತಿ ಆಯ್ತು ಅನ್ನಿ."

"ಹೂಂ" ಎಂದೆ.

"ಆ ಹನ್ನೊಂದು ದಿನದಾಗೇ ಸ್ವಾಮಿ ಅವ್ರು ಕಣ್ಬುಟ್ಟಿದ್ದು. ಅದಕ್ಕೂ ಮುಂಚೆ ಗ್ಯಾನಾನೇ ಇರ್ಲಿಲ್ಲ. ನನ್ ಕೈಲಿ ಗಂಜಿ ಕೇಳಿ ಕುಡುದ್ರು, ಹೆಸರ್ಹಿಡ್ದು ಕೂಗುದ್ರು. ಸರ್ಕಾರದೋರು ಏನಾರ ಬರ್ಕಳ್ಳಿ. ಆ ಹನ್ನೊಂದು ದಿನ ಬ್ಯಾಡವಾಗಿತ್ತು ಅಂತ ಮಾತ್ರ ನನ್ ಬಾಯಲ್ಲಿ ಅನ್ನುಸ್ಬ್ಯಾಡಿ."

ಫೋನು ಇಟ್ಟಳು. ಶೈಲಜಾ ಎದ್ದು ಬಂದು, ಆ ತಿಂಗಳಲ್ಲಿ ಮೊದಲ ಸಲ, ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ನಾನು ಅರವತ್ತನಾಲ್ಕು ವರ್ಷದ ಗಂಡಸು, ಕೂಗಿ ಅತ್ತೆ.